ಎಣ್ಣಿ ಡಬ್ಬಿ ಹೇಳದ ಮಾತು

(ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ರೈತರ ಮುಂದೆ ಮಾಡಿದ ಭಾಷಣ)



ಹತ್ತಿಗೆ ಹೊಡೆಯುವ ಎಣ್ಣಿ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ ಇಲ್ಲವೆ ಹಸಿರು ಗುರುತು ಇರುತ್ತದೆ. ಕೆಂಪು ಅಂದ್ರ ಘೋರ ವಿಷ, ಹಸಿರು ಅಂದ್ರ ಕಡಿಮಿ ವಿಷ. ಈ ಬಣ್ಣ ಹೆಂಗ ಗೊತ್ತು ಮಾಡ್ತಾರ? ಎಷ್ಟು ಕೊಟ್ಟರೆ ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುತ್ತವೆ ಎಂಬುದನ್ನು ನೋಡಿ. ಕೂಡಲೇ ಕೊಲ್ಲುವ ಶಕ್ತಿಯನ್ನಷ್ಟೇ ಬಣ್ಣ ಹೇಳುತ್ತದೆ. ವರ್ಷಗಟ್ಟಲೆ ಮೈಯೊಳಗೆ ಸೇರಿ ಮಕ್ಕಳಲ್ಲಿ ಕಾಣುವ ಹಾನಿಯನ್ನು ಹೇಳುವುದಿಲ್ಲ.

ನಮ್ಮ ಮೈಯಲ್ಲಿ ಹಾರ್ಮೋನು ಎಂಬ ರಸಗಳಿವೆ. ಮಕ್ಕಳು ಯಾವಾಗ ಪ್ರಾಯಕ್ಕೆ ಬರಬೇಕು, ಬಸಿರು ಹೇಗೆ ನಿಲ್ಲಬೇಕು ಎಂಬುದನ್ನು ನಡೆಸುವುದು ಇವೇ. ಕೆಲವು ರಾಸಾಯನಿಕಗಳು ಇವುಗಳ ದಾರಿಗೆ ಅಡ್ಡ ಬಂದು ಕೆಲಸ ಕೆಡಿಸುತ್ತವೆ.

ಕಾಸರಗೋಡಿನ ಸರ್ಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಪಡ್ರೆ ಗ್ರಾಮದ ವೈದ್ಯ ಡಾ. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ ಅವರು ಕೂಗಿ ಹೇಳಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪರೀಕ್ಷೆಗೆ ಬಂದದ್ದು 2001ರಲ್ಲಿ. ಅಲ್ಲಿಯ 117 ಹುಡುಗರನ್ನು ಸಿಂಪಡಣೆ ಇಲ್ಲದ ಊರಿನ 90 ಹುಡುಗರೊಡನೆ ಹೋಲಿಸಿದರು. ಸಿಂಪಡಣೆ ನಿಂತು ತಿಂಗಳುಗಳಾದ ಮೇಲೂ ರಕ್ತದಲ್ಲಿ ವಿಷ ಹೆಚ್ಚಿತ್ತು. ಅದು ಹೆಚ್ಚಿದ್ದವರಿಗೆ ಪ್ರಾಯ ಬರುವುದು ತಡವಾಗಿತ್ತು. 2003ರಲ್ಲಿ ಪ್ರಕಟವಾದ ಈ ಲೆಕ್ಕವನ್ನು ಕಂಪನಿಯವರು ಒಪ್ಪಲಿಲ್ಲ.

ಕೀಟನಾಶಕ ಕಾಯ್ದೆ 1968ರಿಂದಲೂ ಇತ್ತು. ಆದರೂ ಕರ್ನಾಟಕದಲ್ಲಿ ಎಂಡೋಸಲ್ಫಾನ್ ನಿಂತದ್ದು 2011ರ ಫೆಬ್ರವರಿಯಲ್ಲಿ. ಮೇ 13ರಂದು ಸುಪ್ರೀಂ ಕೋರ್ಟು ದೇಶಕ್ಕೆಲ್ಲ ನಿಲ್ಲಿಸಿತು. ಅಲ್ಲೀತನಕ ನಮ್ಮ ಹತ್ತಿ ಹೊಲಗಳಲ್ಲೂ ಅದನ್ನೇ ಹೊಡೆದೆವು. ಅಗ್ಗ ಇತ್ತು, ಉದ್ದರಿ ಸಿಗುತ್ತಿತ್ತು.

ಅದು ಹೋತು, ಮುಗೀತು ಅನಬ್ಯಾಡ್ರಿ. ಮ್ಯಾಂಕೋಜೆಬ್ ಹೆಸರು ಕೇಳಿದ್ದೀರಿ. ಹಾರ್ಮೋನು ಕೆಡಿಸುತ್ತದೆ ಎಂಬುದೂ ಒಂದು ಕಾರಣವಾಗಿ ಯುರೋಪ್ ಒಕ್ಕೂಟ 2020ರ ಡಿಸೆಂಬರದಲ್ಲಿ ಅದರ ಪರವಾನಗಿ ಮುಂದುವರಿಸಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಕೇಂದ್ರ ಸರ್ಕಾರ ನಿಷೇಧಿಸಲು ಹೊರಟ 27 ಔಷಧಿಗಳ ಕರಡಿನಲ್ಲಿ ಇದೂ ಇತ್ತು. 2023ರಲ್ಲಿ ಅಂತಿಮ ಆಜ್ಞೆ ಬಂದಾಗ ಆ ಪಟ್ಟಿಯ ಬಹುಪಾಲು ಔಷಧಿಗಳು ಉಳಿದುಕೊಂಡವು.

ಈಗ ನಮ್ಮ ಗಂಟಿನ ಮಾತು. ಕೃಷಿ ವೆಚ್ಚ ಮತ್ತು ಬೆಲೆ ಆಯೋಗದ ಲೆಕ್ಕದಲ್ಲಿ ಔಷಧಿಯ ಖರ್ಚು ಬರುತ್ತದೆ. ದವಾಖಾನೆಯ ಖರ್ಚು ಬರುವುದಿಲ್ಲ. ಅಂಗಡಿಯ ಉದ್ದರಿ ಒಂದು ಸಾಲ, ದವಾಖಾನೆಯದು ಇನ್ನೊಂದು. ಎರಡನೆಯದು ಯಾವ ಬೆಂಬಲ ಬೆಲೆಯಲ್ಲಿಯೂ ಇಲ್ಲ.

ಆದ್ದರಿಂದ ನಾವು ಕೇಳಬೇಕಾದದ್ದು ಮೂರು. ಹಾರ್ಮೋನು ಕೆಡಿಸುತ್ತದೆಯೇ ಎಂಬ ಪರೀಕ್ಷೆಯ ಫಲವನ್ನು ಡಬ್ಬಿಯ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಯಬೇಕು. ನಿಷೇಧವಾದ ದಿನ ರೈತನ ಮನೆಯ ಡಬ್ಬಿಯನ್ನು ಕಂಪನಿ ರೊಕ್ಕ ಕೊಟ್ಟು ವಾಪಸ್ ಒಯ್ಯಬೇಕು. ಬದಲಿ ಔಷಧಿ ತುಟ್ಟಿಯಾದರೆ ಆ ಹೆಚ್ಚಳ ಬೆಳೆಯ ಬೆಲೆಯಲ್ಲಿ ಸೇರಬೇಕು.

ಇನ್ನೊಂದು ಮಾತು ನಮಗೇ. ಪಂಪು ಹೊರುವವ ಬಹಳ ಸಲ ನಮ್ಮ ಆಳು. ಅವನಿಗೆ ಕೈಚೀಲ, ಮುಖವಸ್ತ್ರ ಕೊಡ್ರಿ. ಎಣ್ಣಿ ಹೊಡೆದ ಹೊಲಕ್ಕೆ ಬಸಿರು ಹೆಣ್ಣುಮಕ್ಕಳನ್ನು ಕಳೆಗೆ ಕರೀಬ್ಯಾಡ್ರಿ. ಸರ್ಕಾರಕ್ಕೆ ಲೆಕ್ಕ ಕೇಳುವವರು ಮೊದಲು ಈ ಲೆಕ್ಕ ನೇರ ಮಾಡಿಕೊಳ್ಳೋಣ.