ಕೊಳಗದ ಲೆಕ್ಕ ಕೇಳಿದ ಶಾಸಕ



ಅಂಗಡಿ ಇಟ್ಟವರು ಇಲ್ಲಿದ್ದೀರಿ. ಕೊಳ್ಳಲು ಒಂದು ಸೇರು, ಮಾರಲು ಇನ್ನೊಂದು ಸೇರು ಇಟ್ಟವನನ್ನು ಪೇಟೆಯಲ್ಲಿ ಏನೆಂದು ಕರೆಯುತ್ತಾರೆಂಬುದು ನಿಮಗೆ ಗೊತ್ತು. ಹಾಜರಿ ಪುಸ್ತಕ ಯಾರ ಕೈಯಲ್ಲೋ ಕೂಲಿಯೂ ಅವರ ಕೈಯಲ್ಲೇ ಎಂಬುದನ್ನು ಮಿಲ್ಲಿನ ಕಾರ್ಮಿಕರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಶಾಂತವೇರಿ ಗೋಪಾಲಗೌಡರ ಬಾಳಿನ ಮಾತನ್ನು ಅಳತೆಯಿಂದಲೇ ಆರಂಭಿಸುತ್ತೇವೆ.

ಸಾಗರ ತಾಲೂಕಿನ ಕಾಗೋಡಿನಲ್ಲಿ ಗದ್ದೆ ಉತ್ತ ಗೇಣಿದಾರನು ಭತ್ತವನ್ನು ಒಡೆಯರಿಗೆ ಅಳೆದು ಕೊಡಬೇಕಿತ್ತು. ಅಳೆಯುವ ಕೊಳಗವೂ ಒಡೆಯರದೇ. ಅದು ರೂಢಿಯ ಕೊಳಗಕ್ಕಿಂತ ದೊಡ್ಡದು! ಕೊಟ್ಟ ಗೇಣಿಗೆ ರಶೀದಿಯಿಲ್ಲ. ರಶೀದಿಯಿಲ್ಲದವನನ್ನು ಬಾಕಿದಾರನೆಂದು ಗದ್ದೆಯಿಂದ ಎಬ್ಬಿಸುವುದೇನು ಕಷ್ಟ? ರೈತರ ಸಂಘ ಕಟ್ಟಿ ಈ ಕೊಳಗದ ಮೇಲೆ ಮೊದಲು ಬೆರಳಿಟ್ಟವರು ಹೆಚ್. ಗಣಪತಿಯಪ್ಪನವರು. ಅವರನ್ನು ಬದಿಗಿಟ್ಟು ಕೀರ್ತಿಯನ್ನೆಲ್ಲ ಒಬ್ಬರ ತಲೆಗೆ ಕಟ್ಟುವುದನ್ನು ನಾವು ಒಪ್ಪಲಾರೆವು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಹೂಡಿದಾಗ ಸಮಾಜವಾದಿ ಪಕ್ಷ ಅದರ ಬೆನ್ನಿಗೆ ನಿಂತಿತು. 1942ರಲ್ಲೇ ಜೈಲು ಕಂಡಿದ್ದ, ತೀರ್ಥಹಳ್ಳಿ ತಾಲೂಕು ಆರಗದ ಗೋಪಾಲಗೌಡರು ಮುಂದಾಳಾದರು. ಆಗ ಅವರಿಗೆ 28 ವರ್ಷ. ಜೂನ್‌ನಲ್ಲಿ ಲೋಹಿಯಾ ಬಂದರು. ಅವರನ್ನೂ ಸರ್ಕಾರ ಬಂಧಿಸಿತು. ಚಳವಳಿ ನಿಂತಾಗ ರೈತ ಗೆದ್ದನೆಂದು ಹೇಳುವಂತಿರಲಿಲ್ಲ.

ಮರುವರ್ಷದ ಚುನಾವಣೆಯಲ್ಲಿ ಆ ಸೀಮೆಯ ಜನ ತಮ್ಮ ಉತ್ತರ ಕೊಟ್ಟರು. ಕಾಂಗ್ರೆಸ್ಸಿನ ಬದರಿನಾರಾಯಣರನ್ನು ಸೋಲಿಸಿ ಗೌಡರು ವಿಧಾನಸಭೆಗೆ ಹೋದರು. 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಖರ್ಚಿಗೆ ಸಾಹುಕಾರರ ಬಾಗಿಲಿಗೆ ಹೋಗದೆ, ಓಟು ಕೇಳಿದ ಮತದಾರನಲ್ಲೇ ನೋಟನ್ನೂ ಕೇಳಿದರು. ಒಂದು ರೂಪಾಯಿ ಕೊಟ್ಟವನು ನಾಳೆ ಲೆಕ್ಕ ಕೇಳುತ್ತಾನೆ ನೋಡಿ! ಶಾಸಕರಾದರೂ ಬಡವರಾಗಿಯೇ ಉಳಿದರು. ಸಭೆಯಲ್ಲಿ ಉಳುವವನಿಗೆ ಭೂಮಿ ಎಂದು ವಾದಿಸಿದರು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬೇಕೆಂದು ಹಟ ಹಿಡಿದರು.

ಎರಡನ್ನೂ ಅವರು ಕಣ್ಣಾರೆ ಕಾಣಲಿಲ್ಲ. 1972ರ ಜೂನ್ 9ರಂದು, 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹೆಸರು ಬದಲಾದದ್ದು 1973ರ ನವೆಂಬರ್ 1ರಂದು. ದೇವರಾಜ ಅರಸರ ಸರ್ಕಾರದ ತಿದ್ದುಪಡಿಯಿಂದ ಗೇಣಿ ಪದ್ಧತಿ ರದ್ದಾದದ್ದು 1974ರ ಮಾರ್ಚ್ 1ರಿಂದ. ಆಗ ರಾಜ್ಯದ ಗೇಣಿದಾರರು ಅರ್ಜಿ ಹಿಡಿದು ಭೂ ನ್ಯಾಯಮಂಡಳಿಗಳ ಮುಂದೆ ನಿಂತರು. ಈ ಗದ್ದೆಯನ್ನು ನೀನೇ ಗೇಣಿಗೆ ಮಾಡಿದ್ದಕ್ಕೆ ಆಧಾರವೇನು ಎಂಬ ಪ್ರಶ್ನೆ ಅಲ್ಲಿ ಎದ್ದಿತು. 1951ರಲ್ಲಿ ಕಾಗೋಡಿನವರು ರಶೀದಿ ಕೇಳಿದ್ದು ಇದಕ್ಕೇ.