ಹುಣಸೆ ಬೀಜ ಮತ್ತು ಹತ್ತು ಚೌಕ: ಅಂಗನವಾಡಿಯಲ್ಲಿ ಎಣಿಕೆಯ ಕಲಿಕೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಸದಸ್ಯರು ಅಂಗನವಾಡಿ ಕೇಂದ್ರಕ್ಕೆ ಭೇಟಿ ನೀಡಿದಾಗ ನಡೆಯುವ ಕ್ರಮ ಬಹುತೇಕ ಎಲ್ಲ ಗ್ರಾಮಗಳಲ್ಲಿಯೂ ಒಂದೇ ಬಗೆಯದು. ಹಾಜರಾತಿ ನೋಡುವುದು, ದಾಸ್ತಾನು ವಹಿ ತಿರುವಿ ಹಾಕುವುದು, ಅಡುಗೆ ಕೋಣೆಗೆ ಇಣುಕುವುದು; ಅನಂತರ ಒಂದು ಮಗುವನ್ನು ಹತ್ತಿರ ಕರೆದು "ಒಂದು, ಎರಡು ಹೇಳು ಪುಟ್ಟಾ" ಎನ್ನುವುದು. ಮಗು ಕೈಕಟ್ಟಿ ನಿಂತು ಐವತ್ತರವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಭೇಟಿ ವಹಿಯಲ್ಲಿ "ಮಕ್ಕಳ ಕಲಿಕೆ ತೃಪ್ತಿಕರವಾಗಿದೆ" ಎಂಬ ಷರಾ ಬೀಳುತ್ತದೆ.

ಅದೇ ಮಗುವಿನ ಮುಂದೆ ಒಂದು ಬೊಗಸೆ ಹುಣಸೆ ಬೀಜ ಸುರಿದು "ಇದರಲ್ಲಿ ಐದು ಕೊಡು" ಎಂದು ಕೇಳಿದರೆ, ಅನೇಕ ಸಲ ಅದು ಕೈಗೆ ಸಿಕ್ಕಷ್ಟನ್ನು ಬಾಚಿ ಕೊಡುತ್ತದೆ. ಮಗು ದಡ್ಡ ಎಂದು ಇದರಿಂದ ತಿಳಿಯಬೇಕಾಗಿಲ್ಲ. ಕಾರ್ಯಕರ್ತೆ ಏನೂ ಕಲಿಸಿಲ್ಲವೆಂದೂ ತಿಳಿಯಬೇಕಾಗಿಲ್ಲ. ಐವತ್ತರವರೆಗೆ ಒಪ್ಪಿಸುವುದು ಒಂದು ವಿದ್ಯೆ, ಐದನ್ನು ಎಣಿಸಿ ಕೊಡುವುದು ಇನ್ನೊಂದು ವಿದ್ಯೆ. ರಸ್ತೆಯ ಉದ್ದ ಮುನ್ನೂರು ಮೀಟರ್ ಎಂದು ಗುತ್ತಿಗೆದಾರರು ಬಾಯಲ್ಲಿ ಹೇಳುವುದಕ್ಕೂ, ಟೇಪು ಹಿಡಿದು ಅಳೆದು ಅಳತೆ ಪುಸ್ತಕದಲ್ಲಿ ನಮೂದಿಸುವುದಕ್ಕೂ ಇರುವ ಅಂತರ ಸದಸ್ಯರಿಗೆ ಹೊಸದಲ್ಲ. ಅಂಗನವಾಡಿಯಲ್ಲಿ ಮಾತ್ರ ಬಾಯಿಮಾತನ್ನೇ ಅಳತೆಯೆಂದು ಒಪ್ಪಿ ಸಹಿ ಹಾಕಲಾಗುತ್ತಿದೆ.

ಎಣಿಕೆಯೊಳಗೆ ಏನೇನು ಅಡಗಿದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಚೆಲ್ ಗೆಲ್ಮನ್ ಮತ್ತು ಸಿ. ಆರ್. ಗ್ಯಾಲಿಸ್ಟೆಲ್ 1978ರಲ್ಲಿ ಬಿಡಿಸಿ ತೋರಿಸಿದರು. ಸಂಖ್ಯೆಯ ಪದಗಳು ಪ್ರತಿ ಸಲವೂ ಅದೇ ಕ್ರಮದಲ್ಲಿ ಬರಬೇಕು. ಒಂದು ವಸ್ತುವಿಗೆ ಒಂದೇ ಪದ ಸಲ್ಲಬೇಕು; ಯಾವುದನ್ನೂ ಬಿಡಬಾರದು, ಯಾವುದನ್ನೂ ಎರಡು ಸಲ ಮುಟ್ಟಬಾರದು. ಕೊನೆಯಲ್ಲಿ ಹೇಳಿದ ಪದವೇ ಒಟ್ಟು ಮೊತ್ತ ಎಂದು ತಿಳಿಯಬೇಕು. ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಮೊತ್ತ ಬದಲಾಗದು. ಕಲ್ಲನ್ನೂ ಎಣಿಸಬಹುದು, ಕುರಿಯನ್ನೂ ಎಣಿಸಬಹುದು, ಚಪ್ಪಾಳೆಯ ಸದ್ದನ್ನೂ ಎಣಿಸಬಹುದು. ದೊಡ್ಡವರಿಗೆ ಇವೆಲ್ಲ ಹೇಳಬೇಕಾದ ಸಂಗತಿಗಳೇ ಅಲ್ಲ. ಮಗುವಿಗೆ ಇವುಗಳಲ್ಲಿ ಪ್ರತಿಯೊಂದೂ ಒಂದೊಂದು ಶೋಧ.

ಅತ್ಯಂತ ಕಠಿಣವಾದುದು ಮೂರನೆಯದು. ಮಗು ಐದು ಬೀಜಗಳನ್ನು ಬೆರಳಿಟ್ಟು ಸರಿಯಾಗಿಯೇ ಎಣಿಸುತ್ತದೆ. ಕೂಡಲೇ "ಹಾಗಾದರೆ ಎಷ್ಟಾಯಿತು?" ಎಂದು ಕೇಳಿದರೆ ಮತ್ತೆ ಮೊದಲಿನಿಂದ "ಒಂದು, ಎರಡು" ಎಂದು ಆರಂಭಿಸುತ್ತದೆ. "ಐದು" ಎಂಬುದು ಆ ಮಗುವಿನ ಪಾಲಿಗೆ ಕೊನೆಯ ಬೀಜದ ಹೆಸರೇ ಹೊರತು ಇಡೀ ರಾಶಿಯ ಹೆಸರಾಗಿಲ್ಲ. "ಇಷ್ಟು ಕೊಡು" ಎಂದು ಕೇಳಿ ನೋಡುವ ಪರೀಕ್ಷೆಯನ್ನು ಕೇರನ್ ವಿನ್ ಎಂಬ ಸಂಶೋಧಕಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಳಸಿದರು. ಮಕ್ಕಳು ಮೊದಲು "ಒಂದು" ಎಂಬುದರ ಅರ್ಥ ಹಿಡಿಯುತ್ತಾರೆ, ಕೆಲವು ತಿಂಗಳ ಬಳಿಕ "ಎರಡು", ಮತ್ತೆ ಕೆಲವು ತಿಂಗಳ ಬಳಿಕ "ಮೂರು". ಅಲ್ಲಿಂದ ಮುಂದೆ ಒಮ್ಮೆ ಎಣಿಕೆಯ ಗುಟ್ಟೇ ಹೊಳೆದು ಉಳಿದ ಸಂಖ್ಯೆಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ. ಹೀಗೆ ಹೊಳೆಯುವ ವಯಸ್ಸೂ ಅಂಗನವಾಡಿಯ ವಯಸ್ಸೂ ಒಂದೇ. ಈ ತಿಂಗಳುಗಳಲ್ಲಿ ಮಗುವಿನ ಕೈಯಲ್ಲಿ ಎಣಿಸಲು ಏನೂ ಇಲ್ಲದೆ ಬಾಯಲ್ಲಿ ಮಾತ್ರ ಸಂಖ್ಯೆಗಳಿದ್ದರೆ, ಒಂದನೇ ತರಗತಿಯಲ್ಲಿ ಕೂಡುವ ಲೆಕ್ಕ ಬಂದಾಗ ಅದು ನೆಚ್ಚಿಕೊಳ್ಳಲು ಬಾಯಿಪಾಠವೊಂದೇ ಉಳಿಯುತ್ತದೆ.

ಕನ್ನಡದ ಸಂಖ್ಯಾಪದಗಳೂ ಇಲ್ಲಿ ಒಂದು ಬಗೆಯ ಮರೆಮಾಚುವಿಕೆಗೆ ಕಾರಣವಾಗುತ್ತವೆ ಎನ್ನಬಹುದು. ಹಿಂದಿಯಲ್ಲಿ ನೂರರವರೆಗಿನ ಪದಗಳನ್ನು ಹೆಚ್ಚುಕಡಿಮೆ ಒಂದೊಂದಾಗಿಯೇ ಕಲಿಯಬೇಕಾಗುತ್ತದೆ. ಕನ್ನಡದಲ್ಲಿ ಹನ್ನೊಂದರಿಂದ ಹತ್ತೊಂಬತ್ತರವರೆಗೆ ಸ್ವಲ್ಪ ಏರು. ಇಪ್ಪತ್ತು ದಾಟಿದ ಮೇಲೆ ಇಪ್ಪತ್ತೊಂದು, ಇಪ್ಪತ್ತೆರಡು ಎಂದು ದಾರಿ ತಾನಾಗಿಯೇ ಸಾಗುತ್ತದೆ. ಹೀಗಾಗಿ ಐವತ್ತರವರೆಗೆ ಒಪ್ಪಿಸುವುದು ಕನ್ನಡದ ಮಗುವಿಗೆ ಸುಲಭ. ಅದನ್ನು ಗಣಿತವೆಂದು ತಪ್ಪು ತಿಳಿಯುವುದು ದೊಡ್ಡವರಿಗೆ ಇನ್ನೂ ಸುಲಭ. ಇನ್ನು ತಾಂಡಾಗಳಲ್ಲಿ ಲಂಬಾಣಿ, ಕರಾವಳಿಯಲ್ಲಿ ತುಳು, ಗಡಿಭಾಗಗಳಲ್ಲಿ ತೆಲುಗು ಅಥವಾ ಮರಾಠಿ, ಅನೇಕ ಊರುಗಳಲ್ಲಿ ಉರ್ದು ಮಾತನಾಡುವ ಮಕ್ಕಳು ಅಂಗನವಾಡಿಗೆ ಬರುತ್ತಾರೆ. ಅಂಥ ಮಗು ಮನೆಮಾತಿನಲ್ಲಿ ಮೂರು ಬೀಜ ಎಣಿಸಿದರೆ ಅದು ಮೂರೇ. ಕನ್ನಡದ ಪದ ಅದರ ಮೇಲೆ ಆಮೇಲೆ ಬಂದು ಕೂರಬಹುದು.

ಅನೇಕ ಕಡೆ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ "ಒಂದು" ಎನ್ನದೆ "ಲಾಭ" ಎನ್ನುವ ವಾಡಿಕೆಯಿದೆ. "ಲಾಭ, ಎರಡು, ಮೂರು" ಎಂದು ಅಜ್ಜ ಅಳೆಯುವುದನ್ನು ಕೇಳಿದ ಮಗು ಅಂಗನವಾಡಿಯಲ್ಲಿ "ಲಾಭ" ಎಂದೇ ಎಣಿಕೆ ಆರಂಭಿಸಿದರೆ ಗಾಬರಿಪಡಬೇಕಾಗಿಲ್ಲ. ಪದ ಬೇರೆಯಾದರೂ ಪ್ರತಿ ಅಳತೆಗೊಂದು ಪದ ಸಲ್ಲಬೇಕೆಂಬ ನಿಯಮವನ್ನು ಅದು ಕಣದಲ್ಲಿಯೇ ಕಂಡುಕೊಂಡಿದೆ.

ಆಟಗಳ ವಿಚಾರಕ್ಕೆ ಬಂದರೆ, ಹೊಸದಾಗಿ ಖರೀದಿಸಬೇಕಾದ ವಸ್ತು ಅತ್ಯಲ್ಪ. ಊಟದ ಹೊತ್ತಿನಲ್ಲಿ ತಟ್ಟೆ ಹಂಚುವ ಕೆಲಸವನ್ನು ಸಹಾಯಕಿಯ ಬದಲು ಇಬ್ಬರು ಮಕ್ಕಳು ಮಾಡಿದರೆ ಒಬ್ಬರಿಗೊಂದು ತಟ್ಟೆ ಎಂಬ ಪಾಠ ನಡೆದಂತೆಯೇ. ಒಂದು ತಟ್ಟೆ ಉಳಿದರೆ ಇಂದು ಯಾರೋ ಬಂದಿಲ್ಲ. ಯಾರು ಎಂದು ಹುಡುಕುವ ಗದ್ದಲವೇ ಕಳೆಯುವ ಲೆಕ್ಕ. ಮೊಟ್ಟೆ ಕೊಡುವ ದಿನ ಬುಟ್ಟಿಯಲ್ಲಿರುವುದು ಸಾಕೇ, ಎಷ್ಟು ಕಡಿಮೆ ಎಂದು ಮಕ್ಕಳನ್ನೇ ಕೇಳಬಹುದು. ಮೊಟ್ಟೆಯ ಲೆಕ್ಕದಲ್ಲಿ ಮಕ್ಕಳು ತೋರುವ ಎಚ್ಚರ ಬೇರೆ ಯಾವ ಲೆಕ್ಕದಲ್ಲಿಯೂ ಕಾಣಸಿಗದು. ಮರಳಿನ ಗುಡ್ಡೆಯ ಬಳಿ ಒಂದು ಪಾವು, ಒಂದು ಸೇರು ಇಟ್ಟರೆ, ನಾಲ್ಕು ಪಾವು ಸುರಿದಾಗ ಸೇರು ತುಂಬುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬಳಕೆ ತಪ್ಪಿ ಅಟ್ಟ ಸೇರಿರುವ ಈ ಅಳತೆಗಳು ಊರಿನ ಹಳೆಯ ಮನೆಗಳಲ್ಲಿ ಇನ್ನೂ ದೊರೆಯುತ್ತವೆ.

ಅಳಗುಳಿ ಮಣೆಯನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಏಳೇಳು ಗುಳಿಗಳ ಎರಡು ಸಾಲು; ಕೈಯಲ್ಲಿರುವ ಬೀಜಗಳನ್ನು ಗುಳಿಗೊಂದರಂತೆ ಬಿತ್ತುತ್ತ ಹೋಗಬೇಕು. ಕರಾವಳಿಯಲ್ಲಿ ಇದೇ ಚೆನ್ನೆಮಣೆ. ಆಟದ ಪೂರ್ಣ ನಿಯಮ ನಾಲ್ಕು ವರ್ಷದ ಮಗುವಿಗೆ ಬೇಕಿಲ್ಲ. ಗುಳಿಗೊಂದು ಬೀಜ ಬಿಡುವುದೇ ಸಾಕು. ಒಂದು ವಸ್ತುವಿಗೆ ಒಂದೇ ಪದ ಎಂಬ ನಿಯಮವನ್ನು ಬೆರಳು ಇಲ್ಲಿ ಕಲಿಯುತ್ತದೆ. ಮಣೆ ಇಲ್ಲದಿದ್ದರೆ ಅಂಗಳದ ಮಣ್ಣಿನಲ್ಲಿ ಗುಳಿ ತೋಡಿದರಾಯಿತು. ಇನ್ನೊಂದು ಆಟ ಇದಕ್ಕಿಂತ ಸರಳ: ಆರು ಬೀಜಗಳ ಎರಡು ಸಾಲುಗಳನ್ನು ಸಮನಾಗಿ ಜೋಡಿಸಿ, ಮಗುವಿನ ಕಣ್ಣೆದುರಿಗೇ ಒಂದು ಸಾಲನ್ನು ಅಗಲವಾಗಿ ಹರಡುವುದು. ಯಾವುದರಲ್ಲಿ ಹೆಚ್ಚು ಎಂದರೆ ಬಹಳಷ್ಟು ಮಕ್ಕಳು ಅಗಲವಾದ ಸಾಲನ್ನೇ ತೋರಿಸುತ್ತಾರೆ. ಇದನ್ನು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಬಹಳ ಹಿಂದೆಯೇ ಗುರುತಿಸಿದ್ದರು. ಮಗುವನ್ನು ತಿದ್ದಲು ಹೋಗದೆ ಮತ್ತೆ ಹತ್ತಿರ ಸರಿಸಿ ನೋಡಲು ಬಿಟ್ಟರೆ ಒಂದು ದಿನ ಅದೇ ನಗುತ್ತದೆ.

ಬೀಜಗಳ ವಿಷಯದಲ್ಲಿ ಎಚ್ಚರ ಅತ್ಯಗತ್ಯ. ಕೆಂಪಗೆ ಹೊಳೆಯುವ ಗುಲಗಂಜಿಯೂ ಹರಳಿನ ಬೀಜವೂ ವಿಷ. ನೋಡಲು ಎಷ್ಟೇ ಚೆಂದವಿದ್ದರೂ ಅಂಗನವಾಡಿಯೊಳಗೆ ಬರಕೂಡದು. ಸಣ್ಣ ಕಾಳುಗಳನ್ನು ಮಕ್ಕಳು ಮೂಗಿಗೂ ಕಿವಿಗೂ ಸೇರಿಸಿಕೊಳ್ಳುತ್ತಾರೆ. ಮೂರು ವರ್ಷ ತುಂಬದ ಮಕ್ಕಳು ಜೊತೆಯಲ್ಲಿದ್ದರೆ ಬೀಜದ ಬದಲು ತೆಂಗಿನ ಕರಟ, ದೊಡ್ಡ ಮುಚ್ಚಳಗಳನ್ನು ಬಳಸಬೇಕು. ಆಟಕ್ಕೆ ಮೊದಲು ಎಣಿಸಿ ಕೊಡುವುದು, ಮುಗಿದ ಮೇಲೆ ಎಣಿಸಿ ತೆಗೆದುಕೊಳ್ಳುವುದು ಕಲಿಕೆಯೂ ಹೌದು, ಕಾವಲೂ ಹೌದು.

ಆಟವೊಂದಿದ್ದರೆ ಉಳಿದುದೆಲ್ಲ ತಾನೇ ಆಗುತ್ತದೆ ಎಂದು ಭಾವಿಸುವಂತೆಯೂ ಇಲ್ಲ. ದೆಹಲಿಯ ಬಡ ಬಡಾವಣೆಗಳ ಶಾಲಾಪೂರ್ವ ಕೇಂದ್ರಗಳಲ್ಲಿ 1,500ಕ್ಕೂ ಹೆಚ್ಚು ಮಕ್ಕಳೊಂದಿಗೆ ನಡೆದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅರ್ಥಶಾಸ್ತ್ರಜ್ಞೆ ಎಸ್ತರ್ ಡಫ್ಲೋ, ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಸ್ಪೆಲ್ಕಿ ಮೊದಲಾದವರು ಅದನ್ನು ನಡೆಸಿದರು. ಆಟ ಆಡಿದ ಮಕ್ಕಳಲ್ಲಿ ಪ್ರಮಾಣ ಮತ್ತು ಆಕಾರಗಳನ್ನು ಗ್ರಹಿಸುವ ಶಕ್ತಿ ಹೆಚ್ಚಿತು, ಬಹುಕಾಲ ಉಳಿಯಿತು. ಆದರೆ ಶಾಲೆಗೆ ಸೇರಿದ ಮೇಲೆ ಅಲ್ಲಿನ ಲೆಕ್ಕದಲ್ಲಿ ಅದರ ಲಾಭ ಕಾಣಲಿಲ್ಲ. ರಾಶಿಗಳೊಂದಿಗೆ ಆಡಿದ ಆಟಕ್ಕೂ ಶಾಲೆಯಲ್ಲಿ ಬಳಸುವ ಸಂಖ್ಯಾಪದ, ಅಂಕಿಗಳಿಗೂ ನಡುವೆ ಸೇತುವೆ ಬೇಕಿತ್ತು.

ಆ ಸೇತುವೆ ಹೇಗಿರಬಹುದೆಂಬುದಕ್ಕೆ ಒಂದು ಮಾದರಿ ಇದೆ. ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಅವರು ಅಮೆರಿಕದ ಬಡ ಕುಟುಂಬಗಳ ಪುಟ್ಟ ಮಕ್ಕಳಿಗೆ ಒಂದು ಮಣೆಯಾಟ ಆಡಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಸಾಲಿನಲ್ಲಿ ಹತ್ತು ಚೌಕ, ಅವುಗಳ ಮೇಲೆ 1ರಿಂದ 10ರವರೆಗೆ ಅಂಕಿ. ಒಂದು ಅಥವಾ ಎರಡು ಬಿದ್ದಂತೆ ಕಾಯಿ ನಡೆಸುತ್ತ ಚೌಕದ ಅಂಕಿಯನ್ನು ಗಟ್ಟಿಯಾಗಿ ಹೇಳಬೇಕು. ಎರಡು ವಾರಗಳಲ್ಲಿ 15ರಿಂದ 20 ನಿಮಿಷಗಳ ನಾಲ್ಕು ಸರದಿ, ಅಷ್ಟೆ. ಮಕ್ಕಳ ಎಣಿಕೆ, ಅಂಕಿ ಗುರುತಿಸುವಿಕೆ, ಯಾವುದು ದೊಡ್ಡದೆಂದು ಹೇಳುವಿಕೆ ಎಲ್ಲವೂ ಸುಧಾರಿಸಿತು. ಒಂಬತ್ತು ವಾರಗಳ ಬಳಿಕವೂ ಉಳಿದಿತ್ತು. ಅಂಕಿಯ ಬದಲು ಬಣ್ಣಗಳಿದ್ದ ಅದೇ ಬಗೆಯ ಮಣೆಯಲ್ಲಿ ಆಡಿದ ಮಕ್ಕಳಲ್ಲಿ ಈ ಸುಧಾರಣೆ ಕಾಣಲಿಲ್ಲ.

ಗ್ರಾಮ ಪಂಚಾಯಿತಿಯ ಕೆಲಸ ಆರಂಭವಾಗುವುದು ಇಲ್ಲಿಂದ. ಅಂಗನವಾಡಿಯ ಪಡಸಾಲೆಯಲ್ಲಿ ಒಂದಡಿ ಅಗಲದ ಹತ್ತು ಚೌಕಗಳನ್ನು ಒಂದೇ ನೇರ ಸಾಲಿನಲ್ಲಿ ಬಣ್ಣದಿಂದ ಬರೆಸಬಹುದು. ನೆಲದ ಮೇಲೆ ಮಗುವೇ ಕಾಯಿ. ಒಂದು ಬದಿ ತಿಕ್ಕಿ ಬೆಳ್ಳಗಾಗಿಸಿದ ಎರಡು ಹುಣಸೆ ಬೀಜಗಳೇ ದಾಳ. ಎರಡೂ ಕಪ್ಪಾಗಿ ಬಿದ್ದರೆ ನಿಂತಲ್ಲಿಯೇ ನಿಲ್ಲಬೇಕು, ಸೊನ್ನೆಯ ಪರಿಚಯವೂ ಆಯಿತು. ಮೂರರ ಮೇಲಿರುವ ಮಗುವಿಗೆ ಎರಡು ಬಿದ್ದರೆ "ನಾಲ್ಕು, ಐದು" ಎಂದು ಹೇಳುತ್ತ ಹೆಜ್ಜೆ ಇಡಬೇಕು. "ಒಂದು, ಎರಡು" ಎಂದು ಹೇಳಿದರೆ ಆಟದ ಅರ್ಧ ಪ್ರಯೋಜನ ಹೋಯಿತು. ಖರ್ಚು ಒಂದು ಡಬ್ಬಿ ಬಣ್ಣ. ಸುಣ್ಣಬಣ್ಣದ ಕಾಮಗಾರಿಯಲ್ಲಿ ಗೋಡೆಯ ಮೇಲೆ ಆರಡಿ ಎತ್ತರದಲ್ಲಿ ಅಂಕಿಗಳನ್ನು ಬರೆಸುವ ರೂಢಿ ಇದೆ. ಅವು ಭೇಟಿಗೆ ಬರುವ ದೊಡ್ಡವರ ಕಣ್ಣಿಗೆ ಮಾತ್ರ ನೇರವಾಗಿ ಕಾಣುತ್ತವೆ.

ಇದು ಮಹಿಳಾ ಮತ್ತು ಮಕ್ಕಳ ಇಲಾಖೆಯ ವಿಷಯ, ಪಂಚಾಯಿತಿಗೇನು ಸಂಬಂಧ ಎಂಬ ಮಾತು ಸಭೆಗಳಲ್ಲಿ ಕೇಳಿಬರುವುದುಂಟು. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪೈಕಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯೂ ಸೇರಿದೆ. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಒಂಬತ್ತು ವಿಷಯಗಳಲ್ಲಿ ಮಕ್ಕಳ ಸ್ನೇಹಿ ಗ್ರಾಮವೂ ಒಂದು. ಆ ಶೀರ್ಷಿಕೆಯಡಿ ಕಾಂಪೌಂಡು, ಗೇಟು ಬರೆಯುವಷ್ಟೇ ಸುಲಭವಾಗಿ ನೆರಳಿರುವ ಆಟದ ಅಂಗಳ, ತೇವವಿಲ್ಲದ ನೆಲ, ಮರಳಿನ ಗುಂಡಿಯನ್ನೂ ಬರೆಯಬಹುದು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಪೌಷ್ಟಿಕ ಆಹಾರದೊಂದಿಗೆ ಶಾಲಾಪೂರ್ವ ಶಿಕ್ಷಣವೂ ಮೊದಲಿನಿಂದಲೇ ಸೇರಿತ್ತು. ಆಹಾರದ ತೂಕ ಪ್ರತಿ ಭೇಟಿಯಲ್ಲಿ ಪರಿಶೀಲನೆಯಾಗುತ್ತದೆ; ಕಲಿಕೆಯನ್ನು ಪರಿಶೀಲಿಸುವ ಬಗೆಯೇ ಬಾಯಿಪಾಠಕ್ಕೆ ಸೀಮಿತವಾಗಿದೆ.

ಪೋಷಕರ ಒತ್ತಡ ಸಣ್ಣದಲ್ಲ. ಪಕ್ಕದ ಪಟ್ಟಣದ ಖಾಸಗಿ ಶಾಲೆಯ ವ್ಯಾನಿನಲ್ಲಿ ಹೋಗುವ ಮೂರೂವರೆ ವರ್ಷದ ಮಗು ಪುಟಗಟ್ಟಲೆ ಅಂಕಿ ಬರೆದು ತರುತ್ತದೆ. ಅದನ್ನು ಕಂಡ ಪೋಷಕರು "ಅಂಗನವಾಡಿಯಲ್ಲಿ ಬರೀ ಆಟ" ಎಂದು ಮಗುವನ್ನು ಬಿಡಿಸುತ್ತಾರೆ. ಕೂಲಿಯ ಹಣ ಶುಲ್ಕಕ್ಕೂ ವ್ಯಾನಿಗೂ ಹೋಗುತ್ತದೆ. ಹಾಜರಾತಿ ಕುಸಿಯುವ ಭಯದಿಂದ ಕಾರ್ಯಕರ್ತೆಯೂ ಸ್ಲೇಟು ಹಿಡಿಸಿ ನೂರರವರೆಗೆ ಬರೆಸಲು ತೊಡಗುತ್ತಾರೆ. ಬೆರಳಿನ ಹಿಡಿತವೇ ಬಲಿಯದ ವಯಸ್ಸಿನಲ್ಲಿ ಈ ಬರಹದಿಂದ ಕೈ ನೋಯುತ್ತದೆ, ಎಣಿಕೆ ಬೆಳೆಯುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆಟ ಆಧಾರಿತ ಕಲಿಕೆಯನ್ನು ಸ್ಪಷ್ಟವಾಗಿ ಹೇಳಿದ್ದರೂ, ಬೀದಿಯ ಮಾತಿನೆದುರು ಕಾರ್ಯಕರ್ತೆ ಒಂಟಿ. ಬಾಲ ವಿಕಾಸ ಸಮಿತಿಯ ಸಭೆಯಲ್ಲಿ ಸದಸ್ಯರೇ ಪೋಷಕರ ಮುಂದೆ ಬೀಜಗಳನ್ನು ಸುರಿದು ಮಕ್ಕಳನ್ನು ಆಡಿಸಿ ತೋರಿಸಿದರೆ, ಕಾರ್ಯಕರ್ತೆ ಹತ್ತು ಸಲ ಹೇಳಿದ್ದಕ್ಕಿಂತ ಹೆಚ್ಚಿನ ತೂಕ ಆ ಮಾತಿಗೆ ಬರುತ್ತದೆ. ಸಮೀಕ್ಷೆ, ಪಟ್ಟಿ, ಜಾಥಾ ಎಂದು ಬೆಳಗಿನ ಹೊತ್ತಿನಲ್ಲಿ ಅವರನ್ನು ಕೇಂದ್ರದಿಂದ ಹೊರಗೆ ಕರೆಯದಿರುವುದು ಇನ್ನೊಂದು ಉಪಕಾರ.

ಮುಂದಿನ ಭೇಟಿಯಲ್ಲಿ ಸದಸ್ಯರು ನೆಲದ ಮೇಲೆ ಕುಳಿತು, ಮಗುವಿನಿಂದ ಐದು ಬೀಜ ಕೇಳಬಹುದು. ಮಗು ಮೂರು ತಂದರೆ "ತಪ್ಪು" ಎನ್ನಬೇಕಾಗಿಲ್ಲ. "ತಂದದ್ದನ್ನು ನನ್ನ ಕೈಯಲ್ಲಿ ಎಣಿಸಿ ಇಡು" ಎಂದರೆ ಒಂದು, ಎರಡು, ಮೂರು ಎಂದು ಇಡುತ್ತದೆ. "ಐದಾಗಲು ಇನ್ನೂ ಬೇಕೇ?" ಎಂದು ಕೇಳಿ ಸುಮ್ಮನೆ ಕಾಯಬೇಕು. ಕೆಲವು ಮಕ್ಕಳು ಓಡಿಹೋಗಿ ಮತ್ತೆ ಒಂದು ಹಿಡಿ ತರುತ್ತಾರೆ, ಕೆಲವರು ಎರಡೇ ತರುತ್ತಾರೆ. ಯಾವ ಮಗು ಎಷ್ಟು ತಂದಿತೆಂಬುದನ್ನು ದಿನಾಂಕದೊಂದಿಗೆ ಭೇಟಿ ವಹಿಯಲ್ಲಿ ಬರೆದಿಟ್ಟರೆ, ಮೂರು ತಿಂಗಳ ಬಳಿಕದ ಭೇಟಿಯಲ್ಲಿ ಹೋಲಿಸಿ ನೋಡಲು ಒಂದು ದಾಖಲೆ ಇರುತ್ತದೆ.