ಮೊದಲ ಮೋಟಾರ್ ಸೈಕಲ್ಲನ್ನು ಆರಿಸುವಾಗ

ಹೊಸದಾಗಿ ನೇಗಿಲು ಹಿಡಿಯುವ ಹುಡುಗನಿಗೆ ನಮ್ಮ ಹಿರಿಯರು ಎಂತಹ ಎತ್ತುಗಳನ್ನು ಹೂಡಿ ಕೊಡುತ್ತಿದ್ದರು ಎಂಬುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿದ್ದೀತು. ನಾಲ್ಕಾರು ಮಳೆಗಾಲ ಗದ್ದೆ ಉತ್ತು ಪಳಗಿದ ಸಾಧು ಜೋಡಿಯನ್ನೇ ಕೊಡುತ್ತಿದ್ದರು. ಕೊಬ್ಬಿದ ಹೋರಿಯ ಹಗ್ಗವನ್ನು ಅವನ ಕೈಗೆ ಯಾರೂ ಕೊಡುತ್ತಿರಲಿಲ್ಲ. ಅದೇ ಮನೆಯ ಮೊಮ್ಮಗನೋ ಮೊಮ್ಮಗಳೋ ಇಂದು ಮೊದಲನೆಯ ಮೋಟಾರ್ ಸೈಕಲ್ ಕೊಳ್ಳುತ್ತೇನೆಂದಾಗ ಮಾತ್ರ ನಾವು ಮೈಲೇಜ್ ಎಷ್ಟು, ತಿಂಗಳ ಕಂತು ಎಷ್ಟು ಎಂದು ಕೇಳಿ ಸುಮ್ಮನಾಗುತ್ತೇವೆ. ಹೊಸಬರ ಕೈಗೆ ಯಾವ ಗಾಡಿ ಒಗ್ಗೀತು ಎಂದು ವಿಚಾರಿಸುವುದಿಲ್ಲ. ಈ ಹೊತ್ತಿನ ನನ್ನ ಮಾತು ಅದನ್ನು ಕುರಿತದ್ದು.

ಒಂದು ಕಾಲದಲ್ಲಿ ಆರಿಸುವ ತೊಡಕು ಅಷ್ಟಾಗಿ ಇರಲಿಲ್ಲ. 1955ರಿಂದ ಮದರಾಸಿನಲ್ಲಿ ಬುಲೆಟ್ ತಯಾರಾಗತೊಡಗಿತು. 1961ರಲ್ಲಿ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ ಹೊರಬಂತು. ಮುಂದೆ ಅದೇ ಕಾರ್ಖಾನೆಯ ಗಾಡಿಗಳು ಯೆಜ್ದಿ ಎಂಬ ಹೆಸರು ಹೊತ್ತವು. ಇವುಗಳ ಜತೆಗೆ ರಾಜದೂತ. ಪೆಟ್ರೋಲಿಗೆ ಎಣ್ಣೆ ಬೆರೆಸಿ, ಗೇರಿನ ಲಿವರನ್ನೇ ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿ ಕಿಕ್ ಹೊಡೆಯುತ್ತಿದ್ದ ಜಾವಾದ ಸದ್ದು ದೂರದಿಂದಲೇ ಗುರುತು ಸಿಗುತ್ತಿತ್ತು. ಫಟಫಟಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. 1985ರಲ್ಲಿ ಹೀರೋ ಹೊಂಡಾದ ನೂರು ಸಿ.ಸಿ.ಯ ಗಾಡಿ ಬಂದ ಮೇಲೆ ಹಗುರವಾದ, ಕಡಿಮೆ ಪೆಟ್ರೋಲ್ ಕುಡಿಯುವ ಗಾಡಿಗಳ ಕಾಲ ಶುರುವಾಯಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಇಂದಾದರೋ ಅಂಗಡಿಗೆ ಹೋದರೆ ನೂರು ಸಿ.ಸಿ.ಯಿಂದ ನಾನೂರು ಸಿ.ಸಿ.ಯವರೆಗೆ ಸಾಲುಸಾಲಾಗಿ ನಿಂತಿರುತ್ತವೆ. ಕಣ್ಣು ಸಹಜವಾಗಿಯೇ ದೊಡ್ಡದರ ಕಡೆಗೆ ಹೋಗುತ್ತದೆ.

ನನ್ನ ಕಣ್ಣೂ ಹಾಗೆಯೇ ಹೋಗಿತ್ತು. ಮೂವತ್ತು ವರ್ಷಗಳ ಹಿಂದಿನ ಮಾತು. ಪರಿಚಯದವರೊಬ್ಬರು ಮಾರಲಿದ್ದ ಭಾರದ ಗಾಡಿಯೊಂದನ್ನು, ಅದರ ಗತ್ತಿಗೆ ಮರುಳಾಗಿ, ಕೊಂಡು ತಂದೆ. ಅದರ ಮೇಲೆ ಕುಳಿತರೆ ನನ್ನ ಹೆಬ್ಬೆರಳುಗಳು ಮಾತ್ರ ನೆಲಕ್ಕೆ ತಾಗುತ್ತಿದ್ದವು. ಓಡುತ್ತಿರುವಾಗ ಅದರಿಂದ ಏನೂ ತೊಂದರೆ ಕಾಣಲಿಲ್ಲ. ಜುಲೈ ತಿಂಗಳ ಒಂದು ಸಂಜೆ, ತಂದೆಯವರನ್ನು ಹಿಂದೆ ಕೂರಿಸಿಕೊಂಡು ಪೇಟೆಯಿಂದ ಬರುತ್ತಿದ್ದೆ. ಮನೆಯ ಓಣಿಯ ಇಳಿಜಾರಿನಲ್ಲಿ ಎದುರಿನಿಂದ ರಿಕ್ಷಾ ಬಂತೆಂದು ಗಾಡಿ ನಿಲ್ಲಿಸಿದೆ. ಕಾಲು ಊರಿದ್ದು ಹಾವಸೆ ಕಟ್ಟಿದ ಚಿರೆಕಲ್ಲಿನ ಮೇಲೆ. ಬೆರಳು ಜಾರಿತು, ಗಾಡಿ ನಿಧಾನವಾಗಿ, ನನ್ನ ಕಣ್ಣೆದುರಿಗೇ, ಒಂದು ಮಗ್ಗುಲಿಗೆ ವಾಲಿತು. ಹಿಡಿಯಲು ನನ್ನಿಂದ ಆಗಲಿಲ್ಲ. ತಂದೆಯವರ ಕಾಲಿನ ಎಲುಬು ಮುರಿಯಿತು. ಮೂರು ತಿಂಗಳು ಅವರು ಮಂಚ ಬಿಟ್ಟು ಏಳಲಿಲ್ಲ. ಆಮೇಲೆಯೂ ಅವರ ನಡಿಗೆ ಮೊದಲಿನಂತಾಗಲಿಲ್ಲ. ಅವರು ಬೈಯಲಿಲ್ಲ. ಒಂದು ದಿನ ಮಾತ್ರ, "ಕಾಲು ನೆಲ ಮುಟ್ಟದ ಗಾಡಿ ಯಾಕೆ ತಕೊಂಡೆಯೋ ತಮ್ಮಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಗಮನಿಸಿ: ಆಗ ನಮ್ಮ ಗಾಡಿ ಓಡುತ್ತಲೇ ಇರಲಿಲ್ಲ. ಹೊಸಬರು ಬೀಳುವುದು ಬಹಳ ಸಲ ಹೀಗೆಯೇ, ನಿಲ್ಲಿಸುವಾಗ, ತಿರುಗಿಸುವಾಗ, ಹಿಂದಕ್ಕೆ ತಳ್ಳುವಾಗ. ಆದ್ದರಿಂದ ಅಂಗಡಿಯಲ್ಲಿ ಮೊದಲು ಮಾಡಬೇಕಾದ ಪರೀಕ್ಷೆಗೆ ಎಂಜಿನನ್ನು ಚಾಲೂ ಮಾಡುವುದೂ ಬೇಡ. ದಿನವೂ ಮೆಟ್ಟುವ ಚಪ್ಪಲಿಯನ್ನೋ ಬೂಟನ್ನೋ ಮೆಟ್ಟಿಕೊಂಡೇ ಸೀಟಿನ ಮೇಲೆ ಕುಳಿತುಕೊಳ್ಳಿ. ಎರಡೂ ಪಾದಗಳು ಭದ್ರವಾಗಿ ನೆಲಕ್ಕೆ ಊರುತ್ತವೆಯೇ ನೋಡಿ. ಅಲ್ಲಿಂದ ಇಳಿದು, ಹ್ಯಾಂಡಲ್ ಹಿಡಿದು, ಹತ್ತು ಹೆಜ್ಜೆ ಮುಂದಕ್ಕೆ, ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ. ನಡುವಿನ ಸ್ಟ್ಯಾಂಡಿಗೆ ಏರಿಸಿ ಇಳಿಸಿ. ಇಷ್ಟರಲ್ಲೇ ಏದುಸಿರು ಬಂದರೆ ಆ ಗಾಡಿ ಸದ್ಯಕ್ಕೆ ನಿಮ್ಮದಲ್ಲ. ಲೆಕ್ಕದಲ್ಲಿ ಹೇಳುವುದಾದರೆ, ನೂರು ಸಿ.ಸಿ.ಯ ಸ್ಪ್ಲೆಂಡರ್ ಸುಮಾರು 112 ಕಿಲೋ ತೂಗುತ್ತದೆ. ಈಗಿನ 350 ಸಿ.ಸಿ.ಯ ಬುಲೆಟ್ ಸುಮಾರು 195 ಕಿಲೋ. ಎರಡರ ನಡುವಣ ಅಂತರ ಒಂದೂವರೆ ಮೂಟೆ ಅಕ್ಕಿಗಿಂತಲೂ ಹೆಚ್ಚು. ಕಲಿಯುವವರು ಆ ಮೂಟೆಯನ್ನೂ ಹೊತ್ತುಕೊಂಡೇ ಕಲಿಯಬೇಕೆಂದು ಏನಿದೆ? 100ರಿಂದ 125 ಸಿ.ಸಿ.ಯ ಗಾಡಿ ಹೊಸಬರಿಗೆ ಧಾರಾಳವಾಗಿ ಸಾಕು. ಊರೊಳಗಿನ ಓಡಾಟಕ್ಕೆ, ಹೊನ್ನಾವರದವರೆಗೋ ಅಂಕೋಲೆಯವರೆಗೋ ಹೋಗಿಬರುವುದಕ್ಕೆ ಅದಕ್ಕಿಂತ ಹೆಚ್ಚಿನ ಬಲದ ಅಗತ್ಯವಿಲ್ಲ.

ಎರಡನೆಯದು ಬ್ರೇಕು. ಗಾಡಿ ಎಷ್ಟು ಬೇಗ ಓಡುತ್ತದೆ ಎಂದು ಹುಡುಗರು ಕೇಳುತ್ತಾರೆ; ಎಷ್ಟು ಬೇಗ ನಿಲ್ಲುತ್ತದೆ ಎಂದು ತಂದೆತಾಯಿಗಳು ಕೇಳಬೇಕು. ತಾಸಿಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ದಾರಿಗೆ ಅಡ್ಡ ಬಂದ ದನವನ್ನು ಕಂಡು, ಕೈ ಬ್ರೇಕನ್ನು ಒತ್ತುವಷ್ಟರಲ್ಲಿ ಆ 17 ಮೀಟರ್ ಹಿಂದೆ ಬಿದ್ದಿರುತ್ತದೆ. ವೇಗ ಇಮ್ಮಡಿಯಾದರೆ, ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ನಾಲ್ಮಡಿಯಾಗುತ್ತದೆ. ನಮ್ಮದು ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಕರಾವಳಿ. ಒದ್ದೆ ರಸ್ತೆಯಲ್ಲಿ ಗಾಬರಿಯಿಂದ ಬ್ರೇಕ್ ಹಿಡಿದರೆ ಚಕ್ರ ತಿರುಗುವುದನ್ನು ನಿಲ್ಲಿಸಿ ಜಾರುತ್ತದೆ. ಎ.ಬಿ.ಎಸ್. ಎಂಬ ಏರ್ಪಾಡು ಇರುವ ಗಾಡಿಯಲ್ಲಿ, ಚಕ್ರ ಕಚ್ಚಿಕೊಳ್ಳುವಂತಾದಾಗ ಬ್ರೇಕು ತಾನಾಗಿಯೇ ಕ್ಷಣಕ್ಷಣಕ್ಕೂ ಸಡಿಲಿ ಮತ್ತೆ ಹಿಡಿಯುತ್ತದೆ. 2019ರ ಏಪ್ರಿಲಿನಿಂದ, 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಗಾಡಿಗಳಿಗೆಲ್ಲ ಇದು ಕಡ್ಡಾಯವಾಯಿತು. ಅದಕ್ಕೂ ಚಿಕ್ಕ ಗಾಡಿಗಳಿಗೆ ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಗಳಿಗೆ ಹಂಚಿಹೋಗುವ ಸಿ.ಬಿ.ಎಸ್. ಸಾಕೆಂದು ಆಗ ನಿಯಮವಾಯಿತು. ಕೈಯಲ್ಲಿ ಸ್ವಲ್ಪ ಹಣ ಹೆಚ್ಚಿದ್ದರೆ ಅದನ್ನು ಎಂಜಿನಿಗೆ ಸುರಿಯದೆ ಒಳ್ಳೆಯ ಬ್ರೇಕಿಗೆ, ಒಳ್ಳೆಯ ಟಯರಿಗೆ ಹಾಕಿ.

ದೇವಿಮನೆ ಘಟ್ಟದ ಬಗೆಗೂ ಒಂದು ಮಾತು. ಶಿರಸಿಗೆ ಹೋಗುವ ಈ ದಾರಿಯಲ್ಲಿ ಚಿಕ್ಕ ಗಾಡಿ ಏರಲಾರದೆಂಬ ಅಂಜಿಕೆ ಅನೇಕರಿಗಿದೆ. ಏರುತ್ತದೆ, ಗೇರು ಇಳಿಸಿ, ಅವಸರಪಡದೆ ಹೋಗಬೇಕು, ಅಷ್ಟೇ. ಕಷ್ಟವಿರುವುದು ಇಳಿಯುವಾಗ. ಪೆಟ್ರೋಲ್ ಉಳಿಸಲೆಂದು ಗೇರು ಕಳಚಿ ಗಾಡಿಯನ್ನು ಇಳಿಜಾರಿಗೆ ಬಿಡುವ ಅಭ್ಯಾಸ ಅಪಾಯಕರ. ಕೆಳಗಿನ ಗೇರಿನಲ್ಲಿದ್ದರೆ ಎಂಜಿನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕು ಕಾಯುವುದಿಲ್ಲ. ಮೊದಲ ಆರು ತಿಂಗಳು ಘಟ್ಟದ ದಾರಿಯನ್ನೂ, ಹೆದ್ದಾರಿಯಲ್ಲಿ ರಾತ್ರಿಯ ಓಡಾಟವನ್ನೂ ದೂರವಿಟ್ಟರೆ ಇನ್ನೂ ಒಳ್ಳೆಯದು.

ಹಳೆಯ ಗಾಡಿ ಕೊಳ್ಳಬಹುದೇ ಎಂದು ಕೆಲವರು ಕೇಳುತ್ತಾರೆ. ಅವಶ್ಯ ಕೊಳ್ಳಬಹುದು. ಕಲಿಯುವಾಗ ಒಂದೆರಡು ಸಲ ಬೀಳುವುದಿದ್ದೇ ಇದೆ. ಹೊಸ ಗಾಡಿಯ ಬಣ್ಣ ಕೆತ್ತಿಹೋಗುವ ಸಂಕಟವಾದರೂ ತಪ್ಪುತ್ತದೆ. ಆದರೆ ಕಡಲಂಚಿನ ಗಾಡಿಗೆ ಉಪ್ಪುಗಾಳಿ ಶತ್ರು. ಪೆಟ್ರೋಲ್ ಟ್ಯಾಂಕಿನ ಅಡಿ, ಸೈಲೆನ್ಸರಿನ ಬಾಗು, ಚಕ್ರದ ಕಡ್ಡಿಗಳು, ಚೈನು, ಇವುಗಳಿಗೆ ತುಕ್ಕು ಹಿಡಿದಿದೆಯೇ ಎಂದು ಬಗ್ಗಿ ನೋಡಿ. ನಿಮಗೆ ಗೊತ್ತಿರುವ ಮೇಸ್ತ್ರಿಯನ್ನು ಜತೆಗೆ ಕರೆದೊಯ್ಯಿರಿ. ಚಾಸಿಯ ಸಂಖ್ಯೆ ಪುಸ್ತಕದೊಡನೆ ತಾಳೆಯಾಗಬೇಕು, ಬ್ಯಾಂಕಿನ ಸಾಲ ತೀರಿದ ಕಾಗದವಿರಬೇಕು, ವಿಮೆ ಚಾಲ್ತಿಯಲ್ಲಿರಬೇಕು. 29 ಮತ್ತು 30ನೆಯ ನಮೂನೆಗಳನ್ನು ತುಂಬಿ ಹೆಸರು ಬದಲಾಯಿಸಿಕೊಳ್ಳುವುದನ್ನು ನಾಳೆಗೆಂದು ಮುಂದೂಡಬೇಡಿ.

ಇನ್ನು ಲೈಸೆನ್ಸು. ಗೇರಿನ ಗಾಡಿಗೆ ಹದಿನೆಂಟು ತುಂಬಿರಬೇಕು. ಮೊದಲು ಕಲಿಕೆಯ ಲೈಸೆನ್ಸು. ಅದು ಆರು ತಿಂಗಳ ಮಟ್ಟಿಗೆ. ಅದನ್ನು ಪಡೆದು ಮೂವತ್ತು ದಿನಗಳಾದ ಮೇಲೆ ಪೂರ್ಣ ಲೈಸೆನ್ಸಿನ ಪರೀಕ್ಷೆ. ಆ ಮೂವತ್ತು ದಿನಗಳನ್ನು ಕಾನೂನಿನ ಕಾಟವೆಂದು ಎಣಿಸದೆ, ಬೆಳಗಿನ ಜಾವ ಜನವಿಲ್ಲದ ಕಡೆಯಲ್ಲಿ, ಬಲ್ಲವರನ್ನು ಜತೆಗಿಟ್ಟುಕೊಂಡು ಕ್ಲಚ್ಚು, ಬ್ರೇಕುಗಳನ್ನು ಕೈಗೆ ಪಳಗಿಸಿಕೊಳ್ಳಲು ಬಳಸಿ.

ಕೊನೆಯದಾಗಿ ಹೆಲ್ಮೆಟ್. ಗಾಡಿಗೆಂದು ತೆಗೆದಿಟ್ಟ ಹಣದಲ್ಲಿ ಮೊದಲು ಐ.ಎಸ್.ಐ. ಗುರುತಿನ ಎರಡು ಹೆಲ್ಮೆಟ್‌ಗಳ ಬೆಲೆ ಬದಿಗಿಡಿ. ಉಳಿದುದರಲ್ಲಿ ಯಾವ ಗಾಡಿ ಬರುತ್ತದೋ ಅದನ್ನು ಕೊಳ್ಳಿ. ಎರಡು ಏಕೆಂದರೆ ಹಿಂದೆ ಕೂರುವವರ ತಲೆಯೂ ತಲೆಯೇ. 2016ರಿಂದ ನಮ್ಮ ರಾಜ್ಯದಲ್ಲಿ ಅವರಿಗೂ ಅದು ಕಡ್ಡಾಯ. 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಸುಮಾರು 75 ಸಾವಿರ ಮಂದಿ ದ್ವಿಚಕ್ರ ವಾಹನಗಳವರು. ಹೆಲ್ಮೆಟ್ ಧರಿಸದೆ ಸತ್ತವರು ಸುಮಾರು 50 ಸಾವಿರ. ಅವರಲ್ಲಿ 14 ಸಾವಿರಕ್ಕೂ ಮಿಕ್ಕಿದವರು ಹಿಂದೆ ಕುಳಿತವರು.

ದೊಡ್ಡ ಗಾಡಿಯ ಆಸೆ ತಪ್ಪೆಂದು ನಾನು ಹೇಳುತ್ತಿಲ್ಲ. ಎರಡು ಮಳೆಗಾಲ ಚಿಕ್ಕ ಗಾಡಿಯಲ್ಲಿ ಕಳೆಯಲಿ. ಆಮೇಲೆ ಕೈ ಪಳಗಿರುತ್ತದೆ, ಅಂಗಡಿಯಲ್ಲಿ ದೊಡ್ಡವೂ ಇರುತ್ತವೆ. ನಾಳೆ ನಿಮ್ಮ ಮನೆಯ ಮಕ್ಕಳು ಗಾಡಿ ನೋಡಲು ಹೊರಟರೆ ನೀವೂ ಜತೆಗೆ ಹೋಗಿ. ಅವರನ್ನು ಸೀಟಿನ ಮೇಲೆ ಕೂರಿಸಿ, ಪಾದಗಳನ್ನು ನೋಡಿ. ನನ್ನ ತಂದೆಯವರು ತಡವಾಗಿ ಕೇಳಿದ ಪ್ರಶ್ನೆಯನ್ನು ನೀವು ಹಣ ಕೊಡುವ ಮೊದಲೇ ಕೇಳಿ.